ಮೈನಸ್ 20ರಲ್ಲಿ ಸಣ್ಣ ಟ್ರಾಕ್ಟರ್ ಸ್ಟಾರ್ಟ್ ಮಾಡೋದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ, ವಿಸ್ಕಾನ್ಸಿನ್‌ನಿಂದ:

ಎಲ್ಲರಿಗೂ ನಮಸ್ಕಾರ. ಈ ಬೇಸಿಗೆಯಲ್ಲಿ ಐದು ಎಕರೆ ಜಾಗ ಇರುವ ಮನೆಗೆ ಬಂದೆವು. ಮನೆಯ ಜೊತೆಗೇ ಒಂದು ಹಳೆಯ ಸಣ್ಣ ಡೀಸೆಲ್ ಟ್ರಾಕ್ಟರ್ ಸಿಕ್ಕಿತು. 24 ಎಚ್‌ಪಿ, ಮುಂದೆ ಲೋಡರ್ ಇದೆ. ಡ್ರೈವ್‌ವೇ ತುಂಬಾ ಉದ್ದ, ಹಿಮ ತೆಗೆಯೋಕೆ ಇದೇ ಗತಿ. ಶೆಡ್ಡಿಗೆ ಕರೆಂಟ್ ಇದೆ, ಹೀಟಿಂಗ್ ಇಲ್ಲ. ಮೊನ್ನೆ ಮೈನಸ್ 12 ಇದ್ದಾಗಲೇ ಸ್ಟಾರ್ಟ್ ಆಗೋಕೆ ಒದ್ದಾಡಿತು, ಆದಮೇಲೂ ಸ್ವಲ್ಪ ಹೊತ್ತಿಗೆ ನಿಂತುಹೋಯಿತು. ಜನವರಿಯಲ್ಲಿ ಏನು ಮಾಡೋದು? ಊರಲ್ಲಿ ಅಪ್ಪನ ಟ್ರಾಕ್ಟರ್ ಓಡಿಸಿದ್ದೇನೆ, ಆದರೆ ಈ ಚಳಿ ನನಗೆ ಹೊಸದು.

ಉತ್ತರ, ಮಿನೆಸೋಟದಿಂದ:

ನಮ್ಮದೂ ಹೆಚ್ಚುಕಮ್ಮಿ ಅದೇ ಗಾತ್ರದ ಗಾಡಿ. ಇಲ್ಲಿ ಉತ್ತರದ ಕಡೆ ಜನವರಿಯಲ್ಲಿ ಮೈನಸ್ 30 ಅಂದರೆ ಯಾರೂ ಆಶ್ಚರ್ಯಪಡುವುದಿಲ್ಲ. ಮೊದಲು ಬ್ಲಾಕ್ ಹೀಟರ್ ಹಾಕಿಸಿ. ಬೇರೆ ಖರ್ಚೆಲ್ಲ ಆಮೇಲೆ.

ಯಾಕೆ ಅಂದರೆ, ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಚಳಿಯಲ್ಲಿ ಆ ಬಿಸಿಯನ್ನು ತಣ್ಣಗಿರುವ ಕಬ್ಬಿಣವೇ ಹೀರಿಕೊಳ್ಳುತ್ತದೆ. ಆಯಿಲ್ ಗಟ್ಟಿಯಾಗಿ ಎಂಜಿನ್ ನಿಧಾನಕ್ಕೆ ತಿರುಗುತ್ತದೆ. ನಿಧಾನ ತಿರುಗಿದಷ್ಟೂ ಬಿಸಿ ಇನ್ನೂ ಸೋರಿಹೋಗುತ್ತದೆ. ಬ್ಲಾಕ್ ಹೀಟರ್ ಕೂಲೆಂಟನ್ನು ಬಿಸಿ ಮಾಡಿ ಎಂಜಿನ್ನನ್ನು ಮೊದಲೇ ಬೆಚ್ಚಗಿಡುತ್ತದೆ. ಸಣ್ಣ ಟ್ರಾಕ್ಟರಿಗೆ 400 ವ್ಯಾಟ್ ಆಸುಪಾಸಿನದು ಸಾಕು. ರಾತ್ರಿಯಿಡೀ ಹಾಕಿಡೋದು ಬೇಡ, ಸುಮ್ನೆ ಕರೆಂಟ್ ದಂಡ. ಒಂದು ಟೈಮರ್ ತಂದು, ಕೆಲಸಕ್ಕೆ ಎರಡು ಮೂರು ಗಂಟೆ ಮುಂಚೆ ಆನ್ ಆಗುವ ಹಾಗೆ ಇಡಿ. ಎಕ್ಸ್‌ಟೆನ್ಷನ್ ವೈರ್ ಹೊರಗಡೆ ಬಳಸುವಂಥ ದಪ್ಪದ್ದೇ ಇರಲಿ, 14 ಗೇಜ್ ಆದರೆ ಒಳ್ಳೆಯದು. ಕೆಲವರು ಆಯಿಲ್ ಪ್ಯಾನಿಗೆ ಅಂಟಿಸುವ ಮ್ಯಾಗ್ನೆಟ್ ಹೀಟರ್ ತರುತ್ತಾರೆ. ಪ್ಯಾನ್ ಅಲ್ಯೂಮಿನಿಯಂದಾದರೆ ಅದು ಅಂಟುವುದೇ ಇಲ್ಲ, ನೋಡಿಕೊಂಡು ತನ್ನಿ.

ಎರಡನೆಯದು ಗ್ಲೋ ಪ್ಲಗ್, ಅಂದರೆ ಸ್ಟಾರ್ಟ್ ಮಾಡುವ ಮುಂಚೆ ಸಿಲಿಂಡರಿನ ಒಳಗೆ ಕರೆಂಟಿನಿಂದ ಕಾಯುವ ಸಣ್ಣ ಕಡ್ಡಿ. ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್ ಹೊಡೆಯಬೇಡಿ. ಪ್ರಿಹೀಟ್ ಜಾಗದಲ್ಲಿ ಹಿಡಿದು ಹತ್ತು ಸೆಕೆಂಡ್ ಕಾಯಿರಿ. ಚಳಿ ಜಾಸ್ತಿ ಇದ್ದರೆ ಇನ್ನೂ ಸ್ವಲ್ಪ ಹೊತ್ತು, ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು. ಮೂರು ಸಿಲಿಂಡರಿನಲ್ಲಿ ಒಂದು ಗ್ಲೋ ಪ್ಲಗ್ ಸತ್ತಿದ್ದರೂ ಬೇಸಿಗೆಯಲ್ಲಿ ಗೊತ್ತಾಗುವುದಿಲ್ಲ, ಚಳಿಗಾಲದಲ್ಲಿ ಬಣ್ಣ ಬಯಲಾಗುತ್ತದೆ. ಮಲ್ಟಿಮೀಟರ್ ಇದ್ದರೆ ಪ್ಲಗ್ಗಿನ ವೈರ್ ಬಿಚ್ಚಿ, ಪ್ಲಗ್ಗಿನ ತುದಿಗೂ ಎಂಜಿನ್ ಬಾಡಿಗೂ ಇಟ್ಟು ನೋಡಿ. ಒಂದೆರಡು ಓಮ್ ಒಳಗೆ ತೋರಿಸಿದರೆ ಜೀವ ಇದೆ. ಏನೂ ತೋರಿಸದಿದ್ದರೆ ಬದಲಾಯಿಸಿ.

ಸ್ಟಾರ್ಟ್ ಹೊಡೆಯುವಾಗ ಸೈಲೆನ್ಸರ್ ಕಡೆ ಕಣ್ಣಿಡಿ. ಇದು ನನಗೆ ಪಕ್ಕದ ಡೈರಿ ಫಾರ್ಮಿನ ಹಿರಿಯರು ಹೇಳಿಕೊಟ್ಟದ್ದು, ಇಷ್ಟು ಉಪಯೋಗದ ಮಾತು ಬೇರೆ ಇಲ್ಲ. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಒಳಗೆ ಹೋಗುತ್ತಿದೆ, ಬಿಸಿ ಸಾಲದು ಅಂತ ಅರ್ಥ. ಗ್ಲೋ ಪ್ಲಗ್, ಹೀಟರ್ ಕಡೆ ನೋಡಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ಲೇ ತಲುಪುತ್ತಿಲ್ಲ. ಆಗ ಎಷ್ಟು ಸ್ಟಾರ್ಟ್ ಹೊಡೆದರೂ ಬ್ಯಾಟರಿ ಇಳಿಯುತ್ತದೆ ಅಷ್ಟೇ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಹೊಡೆಯಬೇಡಿ, ನಡುವೆ ಒಂದು ನಿಮಿಷ ಬಿಡಿ, ಸ್ಟಾರ್ಟರ್ ಮೋಟಾರ್ ಬಿಸಿಯಾಗುತ್ತದೆ. ಕ್ಲಚ್ ಒತ್ತಿ ಹಿಡಿದಿರಿ. ಇಲ್ಲದಿದ್ದರೆ ಗೇರ್‌ಬಾಕ್ಸಿನ ಗಟ್ಟಿ ಆಯಿಲನ್ನೂ ಸ್ಟಾರ್ಟರ್ ಎಳೆಯಬೇಕಾಗುತ್ತದೆ.

ಎಂಜಿನ್ ಬೇಗ ಹೊತ್ತಿಕೊಳ್ಳಲಿ ಅಂತ ಗಾಳಿ ಹೋಗುವ ದಾರಿಗೆ ಹೊಡೆಯುವ ಈಥರ್ ಸ್ಪ್ರೇ ಮಾತ್ರ ದಯವಿಟ್ಟು ಹೊಡೆಯಬೇಡಿ. ಅಂಗಡಿಯಲ್ಲಿ ಸುಲಭಕ್ಕೆ ಸಿಗುತ್ತದೆ, ಯಾರಾದರೂ ಹೇಳಿಯೂ ಹೇಳುತ್ತಾರೆ. ಗ್ಲೋ ಪ್ಲಗ್ ಕೆಂಪಗೆ ಕಾದಿರುವಾಗ ಈಥರ್ ಒಳಗೆ ಹೋದರೆ ಅಲ್ಲೇ ಸಿಡಿಯುತ್ತದೆ. ಪಿಸ್ಟನ್ ರಿಂಗ್ ಮುರಿಯಬಹುದು, ನಿಮ್ಮ ಮುಖಕ್ಕೂ ಅಪಾಯ.

ಉತ್ತರ, ಕೆನಡಾದ ಸಸ್ಕಾಚೆವಾನ್‌ನಿಂದ:

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಸ್ಟಾರ್ಟ್ ಆಗಿ ನಿಂತುಹೋಯಿತು ಅಂದಿರಲ್ಲ, ಅದು ಓದಿದಾಗ ನನಗೆ ಡೀಸೆಲ್ ಮೇಲೇ ಅನುಮಾನ. ಟ್ಯಾಂಕಿನಲ್ಲಿ ಬೇಸಿಗೆಯಲ್ಲಿ ತುಂಬಿಸಿದ ಡೀಸೆಲ್ಲೇ ಉಳಿದಿದೆ ಅಲ್ವಾ?

ಮಾಮೂಲಿ ನಂಬರ್ 2 ಡೀಸೆಲ್‌ನಲ್ಲಿ ಮೇಣದ ಅಂಶ ಇರುತ್ತದೆ. ಮೈನಸ್ 10ರ ಆಸುಪಾಸಿನಲ್ಲಿ ಅದು ಹರಳುಗಟ್ಟೋಕೆ ಶುರು. ಫ್ಯುಯೆಲ್ ಫಿಲ್ಟರಿನ ಗಾಜಿನ ಬಟ್ಟಲಿಗೆ ಟಾರ್ಚ್ ಬಿಟ್ಟು ನೋಡಿ. ಒಳ್ಳೆಯ ಡೀಸೆಲ್ ಆದರೆ ಆಚೆ ಬದಿಯವರೆಗೂ ತಿಳಿಯಾಗಿ ಕಾಣುತ್ತದೆ. ಕೆಟ್ಟದ್ದಾದರೆ ಡಿಸೆಂಬರ್ ಬೆಳಗಿನ ಕೊಬ್ಬರಿ ಎಣ್ಣೆ ಬಾಟಲಿಯ ಹಾಗೆ ಮಬ್ಬು. ಟ್ಯಾಂಕಿನಲ್ಲಿ ಹರಿಯುವ ಹಾಗೇ ಕಂಡರೂ ಆ ಹರಳು ಫಿಲ್ಟರಿನಲ್ಲಿ ಸಿಕ್ಕಿಕೊಂಡು ದಾರಿ ಮುಚ್ಚುತ್ತದೆ. ಎಂಜಿನ್ ಸ್ವಲ್ಪ ಹೊತ್ತು ಓಡಿ, ಉಸಿರುಕಟ್ಟಿ ನಿಲ್ಲುತ್ತದೆ.

ಚಳಿಗಾಲ ಬಂದ ಮೇಲೆ ಬಂಕಿನಲ್ಲಿ ಸಿಗೋದು ಚಳಿಗಾಲದ ಮಿಶ್ರಣ. ಅದನ್ನೇ ತನ್ನಿ. ಹಳೆಯದರಲ್ಲಿ ಆದಷ್ಟು ಖಾಲಿ ಮಾಡಿ. ನಂಬರ್ 1 ಸಿಕ್ಕರೆ ಬೆರೆಸಿ, ಅದರಲ್ಲಿ ಮೇಣ ತುಂಬಾ ಕಡಿಮೆ. ಆಂಟಿ-ಜೆಲ್ (ಡೀಸೆಲ್ ಗಟ್ಟಿಯಾಗದಂತೆ ಬೆರೆಸುವ ಔಷಧಿ) ಹಾಕುವುದಾದರೆ ಡೀಸೆಲ್ ಮಬ್ಬಾಗುವ ಮುಂಚೆಯೇ ಹಾಕಬೇಕು. ಈಗಾಗಲೇ ಗಟ್ಟಿಯಾದ ಮೇಲೆ ಅದು ಕೆಲಸ ಮಾಡುವುದಿಲ್ಲ. ಆಗ ಬೇಕಾದದ್ದು ಕರಗಿಸುವ ಬೇರೆ ಔಷಧಿ. ಪವರ್ ಸರ್ವಿಸ್ ಕಂಪನಿಯದೇ ಬಿಳಿ ಬಾಟಲಿ ಮುಂಜಾಗ್ರತೆಗೆ, ಕೆಂಪು ಬಾಟಲಿ ತುರ್ತಿಗೆ. ಜೊತೆಗೆ ಹೊಸ ಫಿಲ್ಟರ್ ಹಾಕಿ. ಒಂದು ಫಿಲ್ಟರ್ ಯಾವಾಗಲೂ ಮನೆಯೊಳಗೆ ಇಟ್ಟಿರಿ. ಬೆಂಕಿ ಹಿಡಿದು ಕರಗಿಸುವ ಸಾಹಸ ಯಾವತ್ತೂ ಬೇಡ. ಕೆಲಸ ಮುಗಿದ ಮೇಲೆ ಟ್ಯಾಂಕ್ ತುಂಬಿಸಿಡಿ. ಖಾಲಿ ಜಾಗದಲ್ಲಿ ತೇವ ಕಟ್ಟಿ ನೀರಾಗುತ್ತದೆ, ಅದು ಲೈನಿನಲ್ಲಿ ಹೆಪ್ಪುಗಟ್ಟಿದರೆ ಇನ್ನೊಂದು ತಲೆನೋವು.

ಬ್ಯಾಟರಿ ಬಗ್ಗೆ ಎರಡು ಮಾತು. ಮೈನಸ್ 18ಕ್ಕೆ ಬಂದಾಗ ಬ್ಯಾಟರಿಯ ಶಕ್ತಿ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಪೂರ್ತಿ ಚಾರ್ಜ್ ಆದದ್ದು, ಅಂದರೆ 12.6 ವೋಲ್ಟ್ ತೋರಿಸುವಂಥದ್ದು, ನಮ್ಮ ಚಳಿಗೆಲ್ಲ ಹೆಪ್ಪುಗಟ್ಟುವುದಿಲ್ಲ. ಇಳಿದುಹೋದದ್ದು ಮೈನಸ್ 10ರೊಳಗೇ ಹೆಪ್ಪುಗಟ್ಟಬಹುದು. ಪಕ್ಕ ಉಬ್ಬಿದ್ದರೆ ಜಂಪ್ ಕೊಡಬೇಡಿ, ಚಾರ್ಜಿಗೂ ಹಾಕಬೇಡಿ, ಒಡೆಯುತ್ತದೆ. ಶೆಡ್ಡಿನಲ್ಲಿ ಕರೆಂಟ್ ಇದೆಯಲ್ಲ, ಬ್ಯಾಟರಿಯನ್ನು ಸದಾ ಚಾರ್ಜಿನಲ್ಲಿಡುವ ಒಂದು ಸಣ್ಣ ಮೇಂಟೇನರ್ ಹಾಕಿಬಿಡಿ.

ಉತ್ತರ, ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಿಂದ:

ಸ್ಟಾರ್ಟ್ ಆದಮೇಲಿನ ಕಥೆ ಯಾರೂ ಹೇಳಲಿಲ್ಲ. ಲೋಡರ್ ತಕ್ಷಣ ಎತ್ತಬೇಡಿ. ಹೈಡ್ರಾಲಿಕ್ ಆಯಿಲ್ ಗಟ್ಟಿಯಾಗಿರುತ್ತದೆ, ಪಂಪ್ ಅರಚುತ್ತದೆ. 1200ರಿಂದ 1500 ಆರ್‌ಪಿಎಮ್‌ನಲ್ಲಿ ಹತ್ತು ಹದಿನೈದು ನಿಮಿಷ ಓಡಲಿ, ಆಮೇಲೆ ನಿಧಾನಕ್ಕೆ ಕೆಲಸ ಶುರು ಮಾಡಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಮಾತ್ರ ಓಡಿಸಲೇಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯುತ್ತದೆ.

ಎಂಜಿನ್ ಆಯಿಲ್ 15ಡಬ್ಲ್ಯೂ-40 ಇದ್ದರೆ, ಮ್ಯಾನ್ಯುಯಲ್ ಒಪ್ಪುವುದಾದರೆ ಚಳಿಯಲ್ಲಿ ಅಷ್ಟು ಗಟ್ಟಿಯಾಗದ 5ಡಬ್ಲ್ಯೂ-40 ಸಿಂಥೆಟಿಕ್‌ಗೆ ಬದಲಾಯಿಸಿ. ವ್ಯತ್ಯಾಸ ಕಿವಿಗೇ ಕೇಳುತ್ತದೆ.

ನಿಲ್ಲಿಸುವಾಗ ಬಕೆಟ್ಟನ್ನು ಹಲಗೆಯ ಮೇಲೆ ಇಳಿಸಿ. ಒದ್ದೆ ನೆಲದ ಮೇಲೆ ಬಿಟ್ಟರೆ ಬೆಳಗ್ಗೆ ನೆಲಕ್ಕೇ ಹೆಪ್ಪುಗಟ್ಟಿ ಕೂತಿರುತ್ತದೆ. ಟೈರಿನ ಗಾಳಿ ಪ್ರತಿ 5-6 ಡಿಗ್ರಿಗೆ ಒಂದು ಪಿಎಸ್‌ಐನಂತೆ ಇಳಿಯುತ್ತದೆ, ನೋಡುತ್ತಿರಿ. ಇಲಿ ಏರ್ ಫಿಲ್ಟರಿನಲ್ಲಿ ಗೂಡು ಕಟ್ಟಿದೆಯೇ, ವೈರ್ ಕಡಿದಿದೆಯೇ ಅಂತಲೂ ಒಮ್ಮೆ ನೋಡಿ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಟ್ಟಲು ಮಬ್ಬಾಗಿಯೇ ಇದೆ, ನಾಳೆ ಫಿಲ್ಟರ್ ತರುತ್ತೇನೆ. ಇನ್ನೊಂದು ವಿಷಯ. ರೇಡಿಯೇಟರ್ ಸ್ವಲ್ಪ ಕಮ್ಮಿ ಇತ್ತು. ಊರಲ್ಲಿ ನೀರೇ ಹಾಕುತ್ತಿದ್ದೆವು. ಇಲ್ಲೂ ಹಾಕಬಹುದಾ?

ಉತ್ತರ, ಮಿನೆಸೋಟದಿಂದ:

ಬೇಡ, ಬರೀ ನೀರು ಹಾಕಬೇಡಿ! ಮಂಡ್ಯದಲ್ಲಿ ನಡೆಯುತ್ತದೆ, ಇಲ್ಲಿ ನೀರು ಹೆಪ್ಪುಗಟ್ಟಿ ಉಬ್ಬಿದರೆ ಎಂಜಿನ್ ಬ್ಲಾಕೇ ಸೀಳುತ್ತದೆ. ಎಥಿಲೀನ್ ಗ್ಲೈಕಾಲ್ ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ ಇದ್ದರೆ ಸುಮಾರು ಮೈನಸ್ 37ರವರೆಗೆ ತಡೆಯುತ್ತದೆ. ಮೊದಲಿದ್ದವರು ಏನು ಹಾಕಿದ್ದರೋ ಗೊತ್ತಿಲ್ಲವಲ್ಲ, ಹಾಗಾಗಿ ಆಟೋ ಪಾರ್ಟ್ಸ್ ಅಂಗಡಿಯಲ್ಲಿ ಸಿಗುವ ಕೂಲೆಂಟ್ ಟೆಸ್ಟರ್ ತಂದು ಇವತ್ತೇ ನೋಡಿ. ಎಂಜಿನ್ ತಣ್ಣಗಿರುವಾಗ ಮಾತ್ರ ಮುಚ್ಚಳ ತೆಗೆಯಿರಿ. ತೆಳ್ಳಗಿದ್ದರೆ ಪೂರ್ತಿ ಬದಲಾಯಿಸಿ. ರೇಡಿಯೇಟರಿನ ಕೆಳಗಿನ ನಲ್ಲಿ ಒಂದೇ ಬಿಟ್ಟರೆ ಸಾಲದು, ಬ್ಲಾಕಿನ ಪಕ್ಕದಲ್ಲಿ ಡ್ರೇನ್ ಇದ್ದರೆ ಅದನ್ನೂ ಬಿಚ್ಚಿ, ಹಳೆಯ ನೀರು ಅಲ್ಲೇ ಉಳಿದಿರುತ್ತದೆ. ಬ್ಲಾಕ್ ಹೀಟರ್ ಹಾಕುವಾಗ ಹೇಗೂ ಕೂಲೆಂಟ್ ಇಳಿಸಲೇಬೇಕು, ಎರಡನ್ನೂ ಒಟ್ಟಿಗೇ ಮುಗಿಸಿ.