ಬಿ.ಎಸ್ಸಿ ನರ್ಸಿಂಗ್‌ನಲ್ಲಿ ಅಂಕ ಕಡಿಮೆ, ಎಂ.ಎಸ್ಸಿ ಸೀಟು ಸಿಗುತ್ತಾ?

ಕೇಳಿದವರು, ಗದಗ:
ಬಿ.ಎಸ್ಸಿ ನರ್ಸಿಂಗ್ ಮುಗಿಸಿ ಎರಡು ವರ್ಷ ಆಯಿತು. ಈಗ ಐಸಿಯುನಲ್ಲಿ ಕೆಲಸ ಮಾಡ್ತಿದ್ದೇನೆ. ಎರಡನೇ ವರ್ಷ ಒಂದು ವಿಷಯ ಹೋಗಿತ್ತು, ಆಮೇಲೆ ಪಾಸಾದೆ. ಒಟ್ಟು ಸುಮಾರು 54, 55 ಪರ್ಸೆಂಟ್ ಇರಬಹುದು. ಎಂ.ಎಸ್ಸಿ ಮಾಡೋ ಆಸೆ. ಈ ದಾರಿಯಲ್ಲಿ ಹೋದವರು ಹೇಳಿ.

ಹುಬ್ಬಳ್ಳಿಯಿಂದ:
‘ಸುಮಾರು’ ಅನ್ನೋದು ಬಿಡು ತಂಗಿ. ನಾಲ್ಕೂ ವರ್ಷದ ಮಾರ್ಕ್ಸ್ ಕಾರ್ಡ್ ನೆಲದ ಮೇಲೆ ಹರವಿಕೊಂಡು ಕೂತ್ಕೋ. ಗಳಿಸಿದ್ದೆಲ್ಲ ಒಂದು ಕಡೆ ಕೂಡಿಸು, ಗರಿಷ್ಠ ಅಂಕ ಇನ್ನೊಂದು ಕಡೆ; ಗಳಿಸಿದ್ದನ್ನು ಗರಿಷ್ಠದಿಂದ ಭಾಗಿಸಿ ನೂರರಿಂದ ಗುಣಿಸು. ನಾನು ನಾಲ್ಕು ವರ್ಷದ ಪರ್ಸೆಂಟೇಜ್ ಕೂಡಿಸಿ ನಾಲ್ಕರಿಂದ ಭಾಗಿಸಿ, 54.6 ಅಂತ ಒಂದು ರಾತ್ರಿ ಅತ್ತಿದ್ದೆ. ಪ್ರತಿ ವರ್ಷದ ಗರಿಷ್ಠ ಅಂಕ ಒಂದೇ ಇರಲ್ಲ ಅಲ್ವಾ? ಸರಿಯಾಗಿ ಹಾಕಿದರೆ 55.2! ಭಾರತೀಯ ನರ್ಸಿಂಗ್ ಪರಿಷತ್ತು ಕೇಳೋದು ಒಟ್ಟು 55. ಪರಿಶಿಷ್ಟ ಜಾತಿ, ಪಂಗಡದವರಿಗೆ 5 ಸಡಿಲಿಕೆ ಇದೆ. ಏಮ್ಸ್ 60 ಕೇಳುತ್ತೆ, ಅದನ್ನು ಮರೆತುಬಿಡು. ನನಗೂ ಒಂದು ವಿಷಯ ಹೋಗಿತ್ತು, ಯಾರೂ ಕೇಳಲಿಲ್ಲ.

ಹಾವೇರಿಯಿಂದ:
ನನ್ನ ಅಂಕ ಚೆನ್ನಾಗೇ ಇತ್ತು, ಆದರೂ ಒಂದು ವರ್ಷ ಹಾಳಾಯಿತು. ಬಿ.ಎಸ್ಸಿ ಆದಮೇಲೆ ಕನಿಷ್ಠ ಒಂದು ವರ್ಷದ ಅನುಭವ ಬೇಕು. ನಾನು ಹದಿನಾಲ್ಕು ತಿಂಗಳು ದುಡಿದಿದ್ದೆ. ಆಸ್ಪತ್ರೆಯವರು ಮೊದಲ ಮೂರು ತಿಂಗಳು ಟ್ರೇನಿ ಅಂತ ಕಳೆದು, ಸ್ಟಾಫ್ ನರ್ಸ್ ಆಗಿ ಹನ್ನೊಂದೇ ತಿಂಗಳು ಅಂತ ಬರೆದುಕೊಟ್ಟರು. ಸೀಲು, ಸಹಿ ಎಲ್ಲ ನೋಡಿಕೊಂಡೆ, ತಾರೀಕು ನೋಡಲಿಲ್ಲ. ಕಾಲೇಜಿನ ಗುಮಾಸ್ತರು ಅದರ ಮೇಲೆ ಬೆರಳಿಟ್ಟಾಗಲೇ ಗೊತ್ತಾಗಿದ್ದು. ಅನುಭವ ಪತ್ರ ಈಗಲೇ ಕೇಳಿ. ಕೆಲಸ ಬಿಡ್ತೀನಿ ಅಂದ ದಿನ ಅವರ ಮುಖವೇ ಬೇರೆ ಇರುತ್ತೆ. ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿ ಪತ್ರವನ್ನೂ ತೆಗೆದಿಟ್ಟುಕೊಳ್ಳಿ.

ಧಾರವಾಡದಿಂದ:
55 ಬರದಿದ್ದರೆ? ನನ್ನದು 52. ಎಷ್ಟು ವರ್ಷ ದುಡಿದರೂ ಆ ಅಂಕ ಏರಲ್ಲ. ಕ್ರಿಟಿಕಲ್ ಕೇರ್‌ನಲ್ಲಿ, ಅಂದರೆ ಐಸಿಯು ರೋಗಿಗಳ ಆರೈಕೆಯಲ್ಲಿ, ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ (ನರ್ಸ್ ಆದಮೇಲೆ ಮಾಡೋ ಕೋರ್ಸ್) ಮಾಡಿದೆ, ಈಗ ಐಸಿಯು ಇನ್‌ಚಾರ್ಜ್. ನಿಮಗೆ ಪಾಠ ಹೇಳೋ ಆಸೆ ಇದೆಯಾ? ಎಂ.ಎಸ್ಸಿ ಮಾಡಿದವರು ನಮ್ಮ ಕಡೆ ಜಾಸ್ತಿ ಕಾಲೇಜಿಗೇ ಹೋಗ್ತಾರೆ. ವೆಂಟಿಲೇಟರ್ ಪಕ್ಕ ನಿಲ್ಲೋದೇ ಇಷ್ಟ ಅಂದರೆ ಸುಮ್ನೆ ಎರಡು ವರ್ಷ, ಅಷ್ಟು ಫೀಸು ಯಾಕೆ?

ಮತ್ತೊಬ್ಬರು, ಹುಬ್ಬಳ್ಳಿ:
ನಮ್ಮಕ್ಕ ನರ್ಸಿಂಗ್ ಸ್ನಾತಕೋತ್ತರ ಅಮೆರಿಕದಲ್ಲಿ ಓದಿದಳು. ಅಲ್ಲಿ ಬಹಳ ಕಡೆ ಪದವಿಯಲ್ಲಿ 4ಕ್ಕೆ 3 ಜಿಪಿಎ (ಗ್ರೇಡುಗಳ ಸರಾಸರಿ) ಕೇಳ್ತಾರೆ. ಸಾಮಾನ್ಯವಾಗಿ ಅದಕ್ಕೂ ಮೊದಲು ಎನ್‌ಕ್ಲೆಕ್ಸ್ ಅನ್ನೋ ಅಲ್ಲಿನ ನರ್ಸಿಂಗ್ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೀಬೇಕು.

ಕೇಳಿದವರು, ಗದಗ:
ಕೂಡಿಸಿದೆ. 55.4. ನಂಬಿಕೆ ಬರದೆ ಅಪ್ಪನ ಕೈಲೂ ಒಂದು ಸಲ ಹಾಕಿಸಿದೆ. ಹಾವೇರಿ ಅಕ್ಕಾ, ನನ್ನನ್ನೂ ಆರು ತಿಂಗಳು ಟ್ರೇನಿ ಅಂತಲೇ ಇಟ್ಟಿದ್ದರು. ಅದನ್ನು ಕಳೆದರೂ ಒಂದೂವರೆ ವರ್ಷ ಉಳಿಯುತ್ತೆ. ನಾಳೆ ನೈಟ್ ಡ್ಯೂಟಿ ಮುಗಿಸಿ ಮೇಟ್ರನ್ ಹತ್ತಿರ ಪತ್ರ ಕೇಳ್ತೀನಿ.