ಪುಟಾಣಿ ರೌಡಿಗೆ ಗನ್ ಬೇಕಾ?

(ಹಾಸನ, ಹೈಸ್ಕೂಲ್ ಬ್ಯಾಚ್ ಗ್ರೂಪ್)

ನಟೇಶ: ಪುಟಾಣಿ ರೌಡಿ ಸ್ಕ್ರಿಪ್ಟ್.ಪಿಡಿಎಫ್

ನಟೇಶ: ಕಲಾಕ್ಷೇತ್ರದಲ್ಲಿ ನಮ್ ಮಕ್ಕಳು ಆಡೋ ನಾಟಕ, 12 ನಿಮಿಷ. ಅದೇ ರೌಡಿ ಸಿನಿಮಾ ಕಥೆ. ಬೈಗುಳ, ರಕ್ತ, ಎಣ್ಣೆ ಸೀನ್ ಎಲ್ಲ ತೆಗೆದಿದೀನಿ. ಓಕೆನಾ?

ಶೋಭಾ: ತೆಗೆದಿದೀಯ, ಸರಿ. ಆ ಜಾಗಕ್ಕೆ ಏನಿಟ್ಟೆ? 4ನೇ ಸೀನ್ ನೋಡು. ಅಂಗಡಿಯವನು ದುಡ್ಡು ಕೊಡಲ್ಲ ಅಂತಾನೆ, ಮುಂದಿನ ಸಾಲಲ್ಲೇ ಕಾಲು ಹಿಡೀತಾನೆ. ಯಾಕೆ ಹೆದರಿದ?

ಫಿರೋಜ್: ಟಿವಿ ಎಡಿಟಲ್ಲೂ ಇದೇ ಗೋಳು. ಎ ಸರ್ಟಿಫಿಕೇಟ್ ಸಿನಿಮಾ ಟಿವಿಗೆ ಬರಬೇಕಾದ್ರೆ ಕತ್ತರಿಸಿ ಯು ಇಲ್ಲಾ ಯು/ಎ ತಗೋಬೇಕು. ಲಾಂಗ್ ಬೀಸೋ ಶಾಟ್ ಹೋಗತ್ತೆ, ಬಿದ್ದವನ ಮುಖ ಉಳಿಯತ್ತೆ, ಹಿನ್ನೆಲೆ ಸಂಗೀತ ನಡುವೆ ಎಗರತ್ತೆ. ದೊಡ್ಡವರು ಊಹಿಸ್ಕೋತಾರೆ. ಮಗು ಪಕ್ಕದವರನ್ನ ಕೇಳತ್ತೆ.

ಶೋಭಾ: ಇನ್ನೊಂದು. ರಕ್ತ ತೆಗೆದು ಏಟು ಉಳಿಸಿದೀಯ. ಏಟಿಗೆ ನೋವೇ ಇಲ್ಲ ಅಂತ ಹೇಳಿಕೊಟ್ಟಂಗಾಯ್ತು ಕಣೋ. ಅದ್ರ ಮೇಲೆ ಕೂಲಿಂಗ್ ಗ್ಲಾಸು, ಸ್ಲೋ ಮೋಷನ್ ಎಂಟ್ರಿ ಬೇರೆ.

ನಟೇಶ: ಹಂಗಾದ್ರೆ ಲಿಟಲ್ ಸಿಂಗಂ ಹೆಂಗೆ ಓಡ್ತು? ಅದೂ ಹೊಡೆದಾಟದ ಸಿನಿಮಾನೇ ತಾನೆ?

ಶೋಭಾ: ಅದು ಸಿಂಗಂ ಸಿನಿಮಾನ ಕತ್ತರಿಸಿದ್ದಲ್ಲ. 2018ರಲ್ಲಿ ಹೊಸದಾಗಿ ಬರೆದ ಕಾರ್ಟೂನ್. ಛೋಟಾ ಭೀಮ್ ಇನ್ನೂ ಜಾಣತನ, 2008ರದ್ದು. ದುಶ್ಶಾಸನನ ಎದೆ ಬಗೆದ ಭೀಮನಿಂದ ತಗೊಂಡಿದ್ದು ಬಲ, ಹಸಿವು ಎರಡೇ. ಅದಕ್ಕೇ ಲಡ್ಡು.

ಫಿರೋಜ್: ನಿಂಜಾ ಟರ್ಟಲ್ಸ್ ನೋಡು, ಹೊಡೆದಾಡೋ ನಾಲ್ಕು ಆಮೆಗಳ ಕಥೆ. 1984ರ ಕಾಮಿಕ್ಸಲ್ಲಿ ಕತ್ತಿಗೆ ಸಾಯೋರು ಮನುಷ್ಯರು. 1987ರ ಕಾರ್ಟೂನಲ್ಲಿ ಶತ್ರು ಸೈನಿಕರನ್ನ ರೋಬೋಟ್ ಮಾಡಿದ್ರು. ಕತ್ತಿ ಉಳೀತು, ತುಂಡಾದ್ರೆ ಬರೀ ವೈರು. ನಾಲ್ವರಿಗೂ ಕೆಂಪೇ ಇದ್ದ ಕಣ್ಣುಪಟ್ಟಿ ನಾಲ್ಕು ಬಣ್ಣ ಆಯ್ತು, ಯಾರು ಯಾರು ಅಂತ ಮಕ್ಕಳಿಗೆ ತಟ್ಟನೆ ಗೊತ್ತಾಗತ್ತೆ. ಆದ್ರೂ ಬ್ರಿಟನ್ನಿನಲ್ಲಿ ಹೆಸರಿಂದ ‘ನಿಂಜಾ’ ತೆಗೆದು ‘ಹೀರೋ’ ಹಾಕಿ, ನಂಚಾಕು (ಸರಪಳಿ ಕಟ್ಟಿದ ಜೋಡಿ ಕೋಲು) ಶಾಟ್‌ಗಳನ್ನೂ ಕಿತ್ತರು.

ಮಂಜುಳಾ: ಹೊಡೆದಾಟ ತೆಗೆದ್ರೆ ನಮ್ಮವು ಕೂರ್ತವಾ? ಎದ್ದು ಹೊರಗೆ ಐಸ್‌ಕ್ರೀಮಿಗೆ ಹೋಗ್ತವೆ.

ನಟೇಶ: ನಾನೂ ಅದನ್ನೇ ಬಡ್ಕೋತಿರೋದು.

ಶೋಭಾ: ಭಯ ಇರಲಿ ಮಾರಾಯ. ಯಾತರ ಭಯ ಅನ್ನೋದು ಬದಲಾಗ್ಲಿ. ಅಂಗಡಿ ಬೇಡ, ಶಾಲೆ ಊಟದ ಬಿಡುವು ಮಾಡು. ಪುಟಾಣಿ ರೌಡಿ ಪ್ರತಿ ಡಬ್ಬಿಯಿಂದ ಒಂದೊಂದು ನಿಪ್ಪಟ್ಟು ವಸೂಲಿ ಮಾಡ್ತಾನೆ. ಕೊಡದವನ ಮುಚ್ಚಳ ಹೊಂಗೆ ಮರದ ಮೇಲಕ್ಕೆ. ಮೂರನೇ ಕ್ಲಾಸಿನವನಿಗೆ ಹಫ್ತಾ ಗೊತ್ತಿಲ್ಲ, ಇದು ಚೆನ್ನಾಗಿ ಗೊತ್ತು. ಕ್ಲೈಮ್ಯಾಕ್ಸಲ್ಲಿ ಎಲ್ಲರೂ ಖಾಲಿ ಡಬ್ಬಿ ತರ್ತಾರೆ. ರೌಡಿ ಒಂದೊಂದೇ ತೆಗೀತಾನೆ, ಖಾಲಿ, ಖಾಲಿ, ಖಾಲಿ. ಆಮೇಲೆ 20 ಡಬ್ಬಿ ಒಟ್ಟಿಗೆ ಬಡೀಲಿ. ಸ್ಟೀಲಿಂದೇ ಬೇಕು, ಪ್ಲಾಸ್ಟಿಕ್ ಸದ್ದು ಸಾಲಲ್ಲ.

ಫಿರೋಜ್: ಬಡಿಯೋವಾಗ ಸ್ಟೇಜ್ ಮೈಕ್ ಆಫ್ ಮಾಡ್ಸು. ಇಲ್ದಿದ್ರೆ ಮುಂದಿನ ಸಾಲಿನೋರು ಕಿವಿ ಮುಚ್ಕೋತಾರೆ.

ನಟೇಶ: ಸರಿ, ಡಬ್ಬಿ ಒಪ್ಪಿದೆ. ಗನ್ ಒಂದು ಇರಲಿ. ಥರ್ಮಾಕೋಲಿಂದು ತಾನೆ.

ಶೋಭಾ: ಯಾತರದ್ದೇ ಆದ್ರೂ ಗನ್ ಬೇಡ. ಮೂಲ ಸಿನಿಮಾ ಯು/ಎ 16+. ನಮ್ಮವಕ್ಕೆ ಎಂಟು ವರ್ಷ. ನಾಟಕ ಮುಗಿದ್ಮೇಲೆ ಮನೇಲಿ ಆಡೋದು ಕೈಗೆ ಸಿಕ್ಕ ಸಾಮಾನಲ್ಲೇ.

ನಟೇಶ: ಆರು ಮಾಡಿಸಿ ಆಗಿದೆ.

ಮಂಜುಳಾ: ಇಷ್ಟೊತ್ತು ವಾದ ಮಾಡಿದ್ದು ಇದಕ್ಕಾ 😄

ಫಿರೋಜ್: ಉದ್ದುದ್ದ ಸೀಳಿ ಹೊಂಗೆ ಕೊಂಬೆ ಮಾಡು. ಮುಚ್ಚಳ ರಟ್ಟಿಂದಿರಲಿ, ಸ್ಟೀಲ್ ಆದ್ರೆ ಕೊಂಬೆ ಮುರಿಯತ್ತೆ. ಬಣ್ಣಕ್ಕೆ ಪೋಸ್ಟರ್ ಕಲರ್. ಸ್ಪ್ರೇ ಮಾತ್ರ ಹೊಡೀಬೇಡ, ಥರ್ಮಾಕೋಲ್ ಕರಗಿಹೋಗತ್ತೆ.

ನಟೇಶ: ಸ್ಪ್ರೇ ಡಬ್ಬಾನೂ ತಂದಾಗಿದೆ.