ಬ್ಯಾಶ್ ಪ್ರಾಂಪ್ಟ್‌ಗೆ ಬಣ್ಣ ಹಾಕಿದ ಮೇಲೆ ಉದ್ದದ ಕಮಾಂಡ್ ಅದೇ ಸಾಲಿನ ಮೇಲೆ ಬಂದು ಕೂರುತ್ತಿದೆ

ಪ್ರಶ್ನೆ

ಉಬುಂಟು, ಬ್ಯಾಶ್ 5 (ಟರ್ಮಿನಲ್‌ನಲ್ಲಿ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ). ಪ್ರಾಂಪ್ಟ್‌ಗೆ, ಅಂದರೆ ಕಮಾಂಡ್ ಟೈಪ್ ಮಾಡುವ ಜಾಗಕ್ಕಿಂತ ಮೊದಲು ಕಾಣುವ ಬರಹಕ್ಕೆ, ಬಣ್ಣ ಹಾಕಲು ಹೋಮ್ ಫೋಲ್ಡರಿನ .ಬ್ಯಾಶ್‌ಆರ್‌ಸಿ ಫೈಲಿನ ಕೊನೆಗೆ ಈ ಸಾಲು ಸೇರಿಸಿದ್ದೇನೆ (ಕೋಡ್‌ನ ಇಂಗ್ಲಿಷ್ ಅಕ್ಷರಗಳನ್ನು ಉಚ್ಚಾರದಂತೆ ಬರೆದಿದ್ದೇನೆ, ಪಿಎಸ್ ದೊಡ್ಡಕ್ಷರ, ಉಳಿದದ್ದೆಲ್ಲ ಸಣ್ಣಕ್ಷರ):

ಪಿಎಸ್1="\033[32ಎಂ\ಯು:\ಡಬ್ಲ್ಯೂ $(ಗಿಟ್ ಬ್ರಾಂಚ್ --ಶೋ-ಕರೆಂಟ್)\033[0ಎಂ \$ "

ಇದರಲ್ಲಿ \ಯು ಬಳಕೆದಾರರ ಹೆಸರು, \ಡಬ್ಲ್ಯೂ ಈಗಿರುವ ಫೋಲ್ಡರಿನ ದಾರಿ, 32 ಹಸಿರು ಬಣ್ಣದ ಕೋಡ್. ಹಸಿರು ಬಣ್ಣ ಬರುತ್ತಿದೆ, ಆದರೆ ಮೂರು ತೊಂದರೆ. ಕಮಾಂಡ್ ಉದ್ದವಾದರೆ ಮುಂದಿನ ಸಾಲಿಗೆ ಇಳಿಯದೆ ಅದೇ ಸಾಲಿನ ಮೇಲೆ ಬರೆಯುತ್ತದೆ. ಗಿಟ್‌ನ (ಫೈಲುಗಳ ಬದಲಾವಣೆಗಳ ದಾಖಲೆ ಇಡುವ ಸಾಧನ) ಬ್ರಾಂಚ್ ಹೆಸರು ಕಾಣುವುದೇ ಇಲ್ಲ. ಟರ್ಮಿನಲ್ ತೆರೆದ ಕೂಡಲೇ ‘ಇದು ಗಿಟ್ ರೆಪಾಸಿಟರಿ ಅಲ್ಲ’ ಎಂಬ ಎರರ್ ಒಂದು ಸಲ ಬರುತ್ತದೆ.

ಉತ್ತರ 1

ಮೊದಲನೆಯದಕ್ಕೆ ಕಾರಣ ಬಣ್ಣದ ಕೋಡ್. ನೀವು ಟೈಪ್ ಮಾಡುವ ಸಾಲನ್ನು ನೋಡಿಕೊಳ್ಳುವುದು ರೀಡ್‌ಲೈನ್ ಲೈಬ್ರರಿ. ಪ್ರಾಂಪ್ಟ್ ಎಷ್ಟು ಕಾಲಂ ಹಿಡಿದಿದೆ ಎಂದು ಅದು ಎಣಿಸಿ, ಸಾಲು ಎಲ್ಲಿ ಮುರಿಯಬೇಕೆಂದು ತೀರ್ಮಾನಿಸುತ್ತದೆ. \033[32ಎಂ ತೆರೆಯ ಮೇಲೆ ಜಾಗ ಹಿಡಿಯುವುದಿಲ್ಲ, ಆದರೆ ಅದು ರೀಡ್‌ಲೈನಿಗೆ ಗೊತ್ತಿಲ್ಲದೆ ಅದನ್ನೂ ಎಣಿಸಿಬಿಡುತ್ತದೆ. ಮೇಲಿನ ಬಾಣದ ಕೀಲಿ ಒತ್ತಿ ಹಳೆಯ ಕಮಾಂಡ್‌ಗಳನ್ನು ತಿರುವಿದಾಗ ಅರ್ಧಂಬರ್ಧ ಅಕ್ಷರ ಉಳಿದುಕೊಳ್ಳುವುದೂ ಇದರಿಂದಲೇ. ಕಾಣದ ಪ್ರತಿ ಕೋಡನ್ನೂ \[ ಮತ್ತು \] ನಡುವೆ ಇಡಿ.

ಉಳಿದ ಎರಡಕ್ಕೂ ಕಾರಣ ಜೋಡಿ ಉದ್ಧರಣ ಚಿಹ್ನೆ. ಅದರೊಳಗಿನ $( ) ಆ ಸಾಲು ಓದಿದ ಕ್ಷಣದಲ್ಲೇ ಓಡಿಬಿಡುತ್ತದೆ. ಆಗ ನೀವಿರುವುದು ಹೋಮ್ ಫೋಲ್ಡರಿನಲ್ಲಿ, ಅದು ಗಿಟ್ ರೆಪಾಸಿಟರಿ (ಗಿಟ್ ದಾಖಲೆ ಇಡುವ ಫೋಲ್ಡರ್) ಅಲ್ಲ. ಹಾಗಾಗಿ ಎರರ್ ಒಂದು ಸಲ ಬಂತು, ಖಾಲಿ ಉತ್ತರ ಪ್ರಾಂಪ್ಟ್‌ನಲ್ಲಿ ಕಾಯಂ ಆಯಿತು. ಒಂಟಿ ಚಿಹ್ನೆ ಹಾಕಿದರೆ ಪ್ರತಿ ಸಲ ಎಂಟರ್ ಒತ್ತಿದಾಗಲೂ ಹೊಸದಾಗಿ ಓಡುತ್ತದೆ (2ರಿಂದ ಶುರುವಾಗುವ ಕೊನೆಯ ತುಂಡು ಎರರ್ ಸಂದೇಶವನ್ನು ಮರೆಮಾಡುತ್ತದೆ):

ಪಿಎಸ್1='\[\033[32ಎಂ\]\ಯು:\ಡಬ್ಲ್ಯೂ $(ಗಿಟ್ ಬ್ರಾಂಚ್ --ಶೋ-ಕರೆಂಟ್ 2>/ಡೆವ್/ನಲ್)\[\033[0ಎಂ\] \$ '

ನೀವು ಕೇಳದ ನಾಲ್ಕನೆಯ ತಪ್ಪೂ ಇದರಲ್ಲೇ ಸರಿಹೋಯಿತು. ಜೋಡಿ ಚಿಹ್ನೆಯೊಳಗೆ \$ ಬರಿಯ $ ಆಗಿಬಿಡುತ್ತದೆ; ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆದಾಗ ಕಾಣಬೇಕಾದ # ಬರುವುದಿಲ್ಲ. ಅದು ಅಪಾಯ.

ಫೈಲಿಗೆ ಸೇರಿಸುವ ಮುಂಚೆ ಇದೇ ಸಾಲನ್ನು ಟರ್ಮಿನಲ್‌ನಲ್ಲಿ ನೇರವಾಗಿ ಹಾಕಿ ನೋಡಿ. ಕೆಟ್ಟರೆ ಆ ಕಿಟಕಿ ಮುಚ್ಚಿದರೆ ಸಾಕು. ಫೈಲೇ ಕೆಟ್ಟಿದ್ದರೆ ‘ಬ್ಯಾಶ್ --ನೋಆರ್‌ಸಿ’ ಎಂದು ಶುರುಮಾಡಿ ತಿದ್ದಬಹುದು.

ಉತ್ತರ 2

ಮೇಲಿನದು ಸರಿ. ಬ್ರಾಂಚ್ ಹೆಸರಿಗೆ ಗಿಟ್ ಜೊತೆಗೇ ಬರುವ __ಗಿಟ್_ಪಿಎಸ್1 (ಇದರಲ್ಲಿ ಪಿಎಸ್ ಕೂಡ ಸಣ್ಣಕ್ಷರ) ಫಂಕ್ಷನ್ ಇನ್ನೂ ಮೇಲು. ರೀಬೇಸ್ (ಬ್ರಾಂಚಿನ ಬದಲಾವಣೆಗಳನ್ನು ಬೇರೆ ಬುಡದ ಮೇಲೆ ಜೋಡಿಸುವ ಕೆಲಸ) ಅರ್ಧಕ್ಕೆ ನಿಂತಿದ್ದರೆ ಅದನ್ನೂ ತೋರಿಸುತ್ತದೆ. ನಿಮ್ಮಲ್ಲಿ ಇದೆಯೇ ಎಂದು ‘ಟೈಪ್ __ಗಿಟ್_ಪಿಎಸ್1’ ಕಮಾಂಡ್ ಕೊಟ್ಟು ನೋಡಿ. ಬದಲಾದ ಫೈಲುಗಳಿಗೆ ನಕ್ಷತ್ರ ಚಿಹ್ನೆ ಬೇಕೆಂದು ‘ಶೋ ಡರ್ಟಿ ಸ್ಟೇಟ್’ ಆಯ್ಕೆ ಹಾಕಿಕೊಂಡರೆ ಮಾತ್ರ ಹುಷಾರು: ಪ್ರತಿ ಎಂಟರ್‌ಗೂ ಫೈಲುಗಳನ್ನು ಹೋಲಿಸಿ ನೋಡುವ ಕೆಲಸ ನಡೆಯುತ್ತದೆ, ದೊಡ್ಡ ರೆಪಾಸಿಟರಿಯಲ್ಲಿ ಪ್ರಾಂಪ್ಟ್ ತಡವರಿಸುತ್ತದೆ. ಅಂಥ ಒಂದು ರೆಪಾಸಿಟರಿಗೆ ಮಾತ್ರ ಗಿಟ್ ಕಾನ್ಫಿಗ್‌ನಲ್ಲಿ ಅದನ್ನು ಆಫ್ ಮಾಡಬಹುದು.

ಒಂದು ಸೂಕ್ಷ್ಮವಿದೆ. ನೀವೇ ಫಂಕ್ಷನ್ ಬರೆದು ಅದರೊಳಗಿಂದ ಬಣ್ಣ ಮುದ್ರಿಸಿದರೆ \[ \] ಕೆಲಸ ಮಾಡುವುದಿಲ್ಲ. ಬ್ಯಾಶ್ ಆ ಚಿಹ್ನೆಗಳನ್ನು ಮೊದಲು ಬಿಡಿಸಿ, ಆಮೇಲೆ $( ) ಓಡಿಸುತ್ತದೆ, ಫಂಕ್ಷನ್‌ನಿಂದ ತಡವಾಗಿ ಬಂದ \[ ಹಾಗೆಯೇ ತೆರೆಯ ಮೇಲೆ ಕಾಣುತ್ತದೆ. ಅಲ್ಲಿ ಪ್ರಿಂಟ್‌ಎಫ್ ಕಮಾಂಡ್ ಬಳಸಿ \[ ಬದಲು \001, \] ಬದಲು \002 ಹಾಕಿ. ರೀಡ್‌ಲೈನ್ ನಿಜವಾಗಿ ಹುಡುಕುವುದು ಆ ಎರಡನ್ನೇ.

ಹಸಿರಿನ 32ರ ಬದಲು ಬೇರೆ ಬಣ್ಣ ಬೇಕಾದರೆ, ಕಪ್ಪು ಹಿನ್ನೆಲೆಯಲ್ಲಿ 34ರ ನೀಲಿ ಕಣ್ಣಿಗೆ ಕಷ್ಟ, 94 ಹಾಕಿ. 31ರ ಕೆಂಪನ್ನು ರೂಟ್‌ಗೆ ಮೀಸಲಿಡುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು

ಧನ್ಯವಾದ, ಮೂರೂ ಸರಿಹೋಯಿತು. ಇನ್ನೊಂದು: ಕೆಲವು ಫೋಲ್ಡರುಗಳ ಹೆಸರು ಕನ್ನಡದಲ್ಲಿವೆ. ‘ಲೆಕ್ಕಪತ್ರ’ ಎಂಬ ಫೋಲ್ಡರಿನೊಳಗೆ ಹೋದರೆ ಕರ್ಸರ್ ಒಂದೆರಡು ಅಕ್ಷರ ಆಚೆ ನಿಲ್ಲುತ್ತದೆ. ಅದಕ್ಕೂ \[ \] ಹಾಕಬೇಕೇ?

ಉತ್ತರ 3

ಬೇಡ. ಹಾಕಿದರೆ ಕಾಣುವ ಅಕ್ಷರವನ್ನು ಸೊನ್ನೆ ಎಂದು ಎಣಿಸಿದಂತಾಗಿ ತಪ್ಪು ಉಲ್ಟಾ ದಿಕ್ಕಿಗೆ ತಿರುಗುತ್ತದೆ.

ಮೊದಲು ‘ಲೊಕೇಲ್’ (ಭಾಷೆ ಮತ್ತು ಅಕ್ಷರಗಳ ಸೆಟ್ಟಿಂಗ್ ತೋರಿಸುವ) ಕಮಾಂಡ್ ಕೊಟ್ಟು, ಎಲ್ಲ ಲಿಪಿಗಳನ್ನೂ ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮ ಇದೆಯೇ ನೋಡಿ. ಕನ್ನಡದ ಪ್ರತಿ ಸಂಕೇತವೂ ಯುಟಿಎಫ್-8ರಲ್ಲಿ 3 ಬೈಟ್. ಲೊಕೇಲ್ ಬರಿಯ ‘ಸಿ’ ಆಗಿದ್ದರೆ ಬೈಟ್ ಲೆಕ್ಕದಲ್ಲಿ ಎಣಿಕೆ ನಡೆದು ಅಳತೆ ಪೂರ್ತಿ ತಪ್ಪುತ್ತದೆ. ಬೇರೆ ಯಂತ್ರಕ್ಕೆ ಎಸ್‌ಎಸ್‌ಎಚ್ ಮಾಡಿದಾಗ (ದೂರದಿಂದ ಲಾಗಿನ್ ಆದಾಗ) ಹೀಗಾಗುವುದು ಸಾಮಾನ್ಯ.

ಲೊಕೇಲ್ ಸರಿಯಿದ್ದೂ ಒಂದೆರಡು ಕಾಲಂ ಜರುಗಿದರೆ ಅದು ಒತ್ತಕ್ಷರದ ತೊಡಕು. ‘ಕ್ಕ’ ಎಂದರೆ ಕ, ಹಲಂತ, ಮತ್ತೆ ಕ: ಮೂರು ಸಂಕೇತ, ಆದರೆ ಬರೆದಾಗ ಒಂದೇ ಅಕ್ಷರ. ಸಂಕೇತಗಳನ್ನು ಬಿಡಿಬಿಡಿಯಾಗಿ ಅಳೆದು ಕೂಡಿಸುವುದು ಒಂದು ಕ್ರಮ, ಕೂಡಿದ ಅಕ್ಷರವನ್ನು ಇಡಿಯಾಗಿ ಅಳೆಯುವುದು ಇನ್ನೊಂದು. ಬ್ಯಾಶ್ ಮೊದಲನೆಯದನ್ನು ಹಿಡಿದು ನಿಮ್ಮ ಟರ್ಮಿನಲ್ ಎರಡನೆಯದನ್ನು ಹಿಡಿದರೆ ಕರ್ಸರ್ ಜರುಗುತ್ತದೆ. ಇದನ್ನು ಪ್ರಾಂಪ್ಟ್‌ನ ಒಳಗೆ ಸರಿಪಡಿಸಲಾಗದು, ಆದರೆ ತಪ್ಪಿಸಿಕೊಳ್ಳಬಹುದು: ಪ್ರಾಂಪ್ಟನ್ನು ಎರಡು ಸಾಲು ಮಾಡಿ. ಕೊನೆಯ \$ಗಿಂತ ಮೊದಲಿನ ಖಾಲಿ ಜಾಗದ ಬದಲು \ಎನ್ (ಹೊಸ ಸಾಲಿನ ಚಿಹ್ನೆ) ಹಾಕಿ, \ಎನ್\$ ಎಂದು ಮುಗಿಸಿ (\$ ಆದಮೇಲಿನ ಖಾಲಿ ಜಾಗ ಇರಲಿ). ರೀಡ್‌ಲೈನ್ ಅಳೆಯುವುದು ಪ್ರಾಂಪ್ಟ್‌ನ ಕೊನೆಯ ಸಾಲನ್ನು ಮಾತ್ರ. ಅಲ್ಲಿ $ ಒಂದೇ ಇದ್ದರೆ ಮೇಲಿನ ಸಾಲಿನಲ್ಲಿ ಯಾವ ಲಿಪಿ ಇದ್ದರೂ ನೀವು ಟೈಪ್ ಮಾಡುವ ಜಾಗ ಕದಲುವುದಿಲ್ಲ. ಉದ್ದದ ದಾರಿಗಳಿಗೂ ಇದೇ ಅನುಕೂಲ; ಅದರ ಜೊತೆ ಪ್ರಾಂಪ್ಟ್_ಡರ್‌ಟ್ರಿಮ್=2 (ಎಲ್ಲ ದೊಡ್ಡಕ್ಷರ) ಎಂದು ಕೊಟ್ಟರೆ ಕೊನೆಯ ಎರಡು ಫೋಲ್ಡರಿನ ಹೆಸರಷ್ಟೇ ಕಾಣುತ್ತದೆ.